ಎಡಗಡೆ ಸರೌಂಡ್ ಸ್ಪೀಕರ್‌ನಲ್ಲಿ ಚಟಚಟ ಸದ್ದು, ಸ್ಪೀಕರ್ ಬದಲಾಯಿಸಬೇಕಾ?

ರಾತ್ರಿಪಾಳಿ:

ಎಲ್ಲರಿಗೂ ನಮಸ್ಕಾರ. ನನ್ನದು 5.1 ಸೆಟಪ್. ಒಂದು ಎವಿ ರಿಸೀವರ್ (ಟಿವಿ, ಪ್ಲೇಯರ್ ಸದ್ದು ತೆಗೆದುಕೊಂಡು ಎಲ್ಲ ಸ್ಪೀಕರ್‌ಗೂ ಹಂಚುವ ಆಂಪ್ಲಿಫೈಯರ್ ಪೆಟ್ಟಿಗೆ), ಮುಂದೆ ಎರಡು ಸ್ಪೀಕರ್, ಟಿವಿ ಕೆಳಗೆ ಸೆಂಟರ್, ಹಿಂದೆ ಎರಡು ಸರೌಂಡ್, ಮೂಲೆಯಲ್ಲಿ ಸಬ್‌ವೂಫರ್. ವೈರ್‌ಲೆಸ್ ಯಾವುದೂ ಇಲ್ಲ, ಎಲ್ಲಕ್ಕೂ ವೈರ್ ಎಳೆದಿದೆ. ರಿಸೀವರ್ ಹಳೆಯದು, ಆದರೆ ಇಲ್ಲಿಯವರೆಗೆ ಕೈಕೊಟ್ಟಿರಲಿಲ್ಲ.

ಇತ್ತೀಚೆಗೆ ಎಡಗಡೆ ಸರೌಂಡ್‌ನಲ್ಲಿ ಚಟಚಟ ಅಂತ ಸದ್ದು ಶುರುವಾಗಿದೆ. ಒಣಗಿದ ಎಲೆ ತುಳಿದ ಹಾಗೆ. ಸಿನಿಮಾದಲ್ಲಿ ಮಳೆ ಸೀನ್ ಬಂದರೆ ಇದು ಮಳೆಯಾ ಅಥವಾ ನನ್ನ ಸ್ಪೀಕರ್ ಕರಾಮತ್ತಾ ಅಂತ ಗೊತ್ತಾಗುವುದೇ ಇಲ್ಲ. ಸಿನಿಮಾ ಪಾಜ್ ಮಾಡಿದರೆ ಸದ್ದು ನಿಲ್ಲುತ್ತದೆ. ರಾತ್ರಿ ಮನೆಯವರೆಲ್ಲ ಮಲಗಿದ ಮೇಲೆ ವಾಲ್ಯೂಮ್ ಇಳಿಸಿ ನೋಡುವಾಗ ಕಾಟ ಜಾಸ್ತಿ, ಒಮ್ಮೊಮ್ಮೆ ಆ ಸ್ಪೀಕರ್ ಪೂರ್ತಿ ಮೂಕವಾಗಿ ಆಮೇಲೆ ಯಾವುದೋ ಬಾಂಬ್ ಸೀನ್ ಬಂದಾಗ ಟಪ್ ಅಂತ ಎದ್ದು ಕೂರುತ್ತದೆ, ಆಮೇಲೆ ಸ್ವಲ್ಪ ಹೊತ್ತು ಏನೂ ಆಗದ ಹಾಗೆ ಚೆನ್ನಾಗಿ ಹಾಡುತ್ತದೆ.

ಎಚ್‌ಡಿಎಂಐ ಕೇಬಲ್ ಬದಲಾಯಿಸಿ ನೋಡಿದೆ. ಟಿವಿ ಸೆಟ್ಟಿಂಗ್ಸ್ ಎಲ್ಲ ತಿರುಗಿಸಿ ಮುರುಗಿಸಿ ನೋಡಿದೆ. ಊಹೂಂ. ಕೇಳಿದವರೆಲ್ಲ ಸ್ಪೀಕರ್ ಹೋಗಿದೆ, ಹೊಸದು ಹಾಕಿ ಅಂತಾರೆ. ಒಂದು ಜೋಡಿ ತರುವ ಮೊದಲು ಇಲ್ಲಿ ಕೇಳೋಣ ಅನ್ನಿಸಿತು.


ಪರದೆಮುಂದೆ:

ಟಿವಿಯಿಂದ ಆರ್ಕ್ ಮೂಲಕ (ಅಂದರೆ ಟಿವಿಯ ಸದ್ದನ್ನು ಎಚ್‌ಡಿಎಂಐ ಕೇಬಲ್‌ನಲ್ಲೇ ವಾಪಸ್ ಕಳಿಸುವ ದಾರಿ) ಸೌಂಡ್ ಕೊಟ್ಟಿದ್ದೀರಾ? ಹಾಗಿದ್ದರೆ ಟಿವಿಯ ಆಡಿಯೋ ಔಟ್‌ಪುಟ್ ಬಿಟ್‌ಸ್ಟ್ರೀಮ್‌ನಿಂದ (ಸಂಕೇತ ಬಿಡಿಸದೆ ಕಳಿಸುವ ಸದ್ದು) ಪಿಸಿಎಂಗೆ (ಬಿಡಿಸಿ ಕಳಿಸುವ ಸದ್ದು) ಹಾಕಿ ನೋಡಿ. ನನ್ನ ಸೌಂಡ್‌ಬಾರ್‌ನಲ್ಲಿ ಟಿಕ್ ಟಿಕ್ ಬರುತ್ತಿದ್ದದ್ದು ಹಾಗೇ ಹೋಯಿತು. ಇಲ್ಲವಾದರೆ ಅರ್ಥಿಂಗ್ ಸರಿ ಇಲ್ಲ ಅಂತ ಅರ್ಥ. ಎಲೆಕ್ಟ್ರಿಷಿಯನ್ ಕರೆಸಿ.


ಬೆಸುಗೆ:

ಸ್ಪೀಕರ್ ಕೊಳ್ಳಬೇಡಿ. ಸದ್ಯಕ್ಕೆ ಏನನ್ನೂ ಕೊಳ್ಳಬೇಡಿ.

ಮೇಲಿನವರು ಹೇಳಿದ ಪಿಸಿಎಂ ವಿಷಯ ಬೇರೆ ಕಡೆ ಸರಿ ಇರಬಹುದು, ಇಲ್ಲಿ ಹೊಂದುವುದಿಲ್ಲ. ಎಚ್‌ಡಿಎಂಐ ಅಥವಾ ಆಪ್ಟಿಕಲ್‌ನಲ್ಲಿ ಬರುವುದು ಡಿಜಿಟಲ್ ಸಿಗ್ನಲ್. ಎಲ್ಲ ಚಾನೆಲ್ಲೂ, ಅಂದರೆ ಒಂದೊಂದು ಸ್ಪೀಕರ್‌ಗೆ ಹೋಗುವ ಸದ್ದೂ, ಒಂದೇ ಕೇಬಲ್‌ನಲ್ಲಿ ಒಟ್ಟಿಗೆ ಬರುತ್ತವೆ. ಕೇಬಲ್ ಕೆಟ್ಟರೆ ಎಲ್ಲ ಸ್ಪೀಕರ್‌ಗಳೂ ಒಮ್ಮೆಲೇ ಕಡಿದು ಕಡಿದು ಬರಬೇಕು, ಚಿತ್ರ ರಿಸೀವರ್ ಮೂಲಕವೇ ಹೋಗುತ್ತಿದ್ದರೆ ಪರದೆಯ ಮೇಲೆ ಚುಕ್ಕಿ ಮಿನುಗಬೇಕು ಅಥವಾ ಪರದೆ ಕಪ್ಪಾಗಬೇಕು. ಒಂದೇ ಒಂದು ಸ್ಪೀಕರ್ ಆರಿಸಿಕೊಂಡು ಅದರಲ್ಲಿ ಮಾತ್ರ ಚಟಚಟ ಅನ್ನುವಷ್ಟು ಬುದ್ಧಿ ಆ ಕೇಬಲ್‌ಗೆ ಇಲ್ಲ. ಅರ್ಥಿಂಗ್ ತೊಂದರೆ ಇದ್ದರೆ ಗುಂಯ್ ಅಂತ ಒಂದೇ ಸಮ ಬರುತ್ತದೆ, 50 ಅಥವಾ 60 ಹರ್ಟ್ಸ್, ಅಥವಾ ಅದರ ಎರಡರಷ್ಟು. ಸಿನಿಮಾ ನಿಲ್ಲಿಸಿದರೂ ಅದು ನಿಲ್ಲುವುದಿಲ್ಲ. ನಿಮ್ಮದು ಪಾಜ್ ಮಾಡಿದರೆ ನಿಲ್ಲುತ್ತದೆ ಅಂದಿರಲ್ಲ, ಅಲ್ಲಿಗೆ ಅದೂ ಹೋಯಿತು.

ಈಗ ಮಾಡಬೇಕಾದದ್ದು ಅದಲುಬದಲು. ರಿಸೀವರ್ ಆಫ್ ಮಾಡಿ, ಪ್ಲಗ್ಗೂ ಕಿತ್ತುಬಿಡಿ. ಹಿಂದೆ ಸರೌಂಡ್ ಎಡ, ಸರೌಂಡ್ ಬಲ ಅಂತ ಬರೆದಿರುವ ಟರ್ಮಿನಲ್‌ಗಳಿಂದ ವೈರ್ ಬಿಚ್ಚಿ ಎಡದ್ದನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಹಾಕಿ. ಸ್ಪೀಕರ್ ಕಡೆ ಏನೂ ಮುಟ್ಟಬೇಡಿ. ಮತ್ತೆ ಆನ್ ಮಾಡಿ ಕೇಳಿ.

ಚಟಚಟ ಎಡಗಡೆ ಸ್ಪೀಕರ್‌ನಲ್ಲೇ ಉಳಿದರೆ ತಪ್ಪು ವೈರ್‌ನದ್ದು ಅಥವಾ ಸ್ಪೀಕರ್‌ನದ್ದು. ಬಲಗಡೆಗೆ ಹಾರಿದರೆ ಸ್ಪೀಕರ್, ವೈರ್ ಎರಡೂ ನಿರಪರಾಧಿ, ರಿಸೀವರ್ ಒಳಗೇ ಹುಡುಕಬೇಕು.

ಒಂದು ಮಾತು. ಸಿನಿಮಾ ಹಾಕಿ ಪರೀಕ್ಷೆ ಮಾಡಬೇಡಿ. ಸರೌಂಡ್‌ಗೆ ಯಾವಾಗಲೋ ಒಮ್ಮೆ ಸದ್ದು ಹೋಗುತ್ತದೆ, ಕಾದು ಕಾದು ಸಾಕಾಗುತ್ತದೆ. ರಿಸೀವರ್ ಸೆಟಪ್ ಮೆನುವಿನಲ್ಲಿ ಟೆಸ್ಟ್ ಟೋನ್ ಇರುತ್ತದೆ, ಒಂದೊಂದೇ ಸ್ಪೀಕರ್‌ನಿಂದ ಶ್‌ಶ್ ಅಂತ ಬರುತ್ತದೆ. ಅದಕ್ಕಿಂತ ಒಳ್ಳೆಯದು ಆಲ್ ಚಾನೆಲ್ ಸ್ಟೀರಿಯೋ ಮೋಡ್‌ಗೆ ಹಾಕಿ ಒಂದು ಹಾಡು ಬಿಡುವುದು. ಎಲ್ಲ ಸ್ಪೀಕರ್‌ಗೂ ಒಂದೇ ಹಾಡು ಹೋಗುತ್ತದೆ, ಹೋಲಿಸಲು ಸುಲಭ.


ತಂತಿಜಾಲ:

ಬೆಸುಗೆಯವರು ಹೇಳಿದ್ದು ಸರಿ. ಅದಲುಬದಲು ಮಾಡಲು ಹೇಗೂ ವೈರ್ ಬಿಚ್ಚುತ್ತೀರಲ್ಲ, ತುದಿಯನ್ನು ಬೆಳಕಿಗೆ ಹಿಡಿದು ನೋಡಿ. ನಾನು ನೋಡಿದ ಚಟಚಟ ಕೇಸುಗಳಲ್ಲಿ ಮುಕ್ಕಾಲು ಪಾಲು ಅಲ್ಲೇ ಮುಗಿದಿವೆ.

ತಾಮ್ರ ಹೊಸದಾಗಿದ್ದಾಗ ಕೆಂಪಗೆ ಹೊಳೆಯುತ್ತದೆ. ಆಮೇಲೆ ಕಂದು, ಆಮೇಲೆ ಕಪ್ಪು, ತೇವ ಇರುವ ಕಡೆ ಹಸಿರು. ಹೀಗೆ ಬಣ್ಣ ತಿರುಗಿದ್ದರೆ ಒರೆಸುತ್ತಾ ಕೂರಬೇಡಿ, ಆ ತುದಿಯನ್ನು ಕತ್ತರಿಸಿ ಬಿಸಾಕಿ ಒಂದು ಸೆಂಟಿಮೀಟರ್ ಹೊಸದಾಗಿ ಸುಲಿಯಿರಿ. ಎಳೆಗಳನ್ನು ಬಿಗಿಯಾಗಿ ಹೊಸೆಯಿರಿ. ಒಂದೇ ಒಂದು ಕೂದಲೆಳೆಯಷ್ಟು ತಂತಿ ಪಕ್ಕದ ಟರ್ಮಿನಲ್‌ಗೆ ತಾಗಿದರೂ ಶಾರ್ಟ್ ಆಗುತ್ತದೆ, ರಿಸೀವರ್ ಪ್ರೊಟೆಕ್ಟ್ ಅಂತ ತೋರಿಸಿ ಆಫ್ ಆಗುತ್ತದೆ, ಅದೃಷ್ಟ ಕೆಟ್ಟಿದ್ದರೆ ಔಟ್‌ಪುಟ್ ಟ್ರಾನ್ಸಿಸ್ಟರ್ ಸುಡುತ್ತದೆ. ಇನ್ನೊಂದು, ಸ್ಕ್ರೂ ಪ್ಲಾಸ್ಟಿಕ್ ಹೊದಿಕೆಯ ಮೇಲೆ ಕೂತಿದೆಯಾ ತಾಮ್ರದ ಮೇಲೆ ಕೂತಿದೆಯಾ ನೋಡಿ. ನೋಡಲು ಗಟ್ಟಿಯಾಗಿ ಹಿಡಿದಿರುತ್ತದೆ, ಒಳಗೆ ಎರಡು ಎಳೆ ಮಾತ್ರ ತಾಗಿರುತ್ತವೆ.

ಮಲ್ಟಿಮೀಟರ್ ಇದೆಯಾ? ರಿಸೀವರ್‌ನಿಂದ ಬಿಚ್ಚಿದ ಎರಡು ತುದಿಗಳ ನಡುವೆ ಓಮ್ಸ್ ಅಳೆಯಿರಿ. 8 ಓಮ್ ಸ್ಪೀಕರ್ ಆದರೆ ಮೀಟರ್ 6 ಆಸುಪಾಸು ತೋರಿಸುತ್ತದೆ, 4 ಓಮ್ ಆದರೆ 3 ಚಿಲ್ಲರೆ. ಕಡಿಮೆ ತೋರಿಸಿತು ಅಂತ ಗಾಬರಿ ಬೇಡ, ಸ್ಪೀಕರ್ ಮೇಲೆ ಬರೆದಿರುವುದು ಇಂಪೀಡೆನ್ಸ್ (ಸದ್ದಿನ ಸಿಗ್ನಲ್‌ಗೆ ಒಡ್ಡುವ ತಡೆ), ಮೀಟರ್ ಅಳೆಯುವುದು ಡಿಸಿ ರೆಸಿಸ್ಟೆನ್ಸ್ (ಒಂದೇ ದಿಕ್ಕಿನ ಕರೆಂಟ್‌ಗೆ ಒಡ್ಡುವ ತಡೆ). ಈಗ ಮೀಟರ್ ಹಾಗೇ ಇಟ್ಟು ಬೇರೆ ಯಾರಿಗಾದರೂ ವೈರ್ ಉದ್ದಕ್ಕೂ ಮೆಲ್ಲಗೆ ಅಲ್ಲಾಡಿಸಲು ಹೇಳಿ, ಮುಖ್ಯವಾಗಿ ಬಾಗಿಲ ಸಂದಿಯಲ್ಲಿ, ಸೋಫಾ ಕಾಲಿನ ಕೆಳಗೆ, ಮೊಳೆ ಹೊಡೆದು ಕ್ಲಿಪ್ ಹಾಕಿದ ಕಡೆ. ಅಂಕಿ ಕುಣಿಯಲು ಶುರುವಾದರೆ ವೈರ್ ಒಳಗೆ ತುಂಡಾಗಿದೆ.

ಸ್ಪೀಕರ್ ಮೇಲೇ ಅನುಮಾನ ಇದ್ದರೆ ಮುಂದಿನ ಬಲೆ ತೆಗೆದು, ದೊಡ್ಡ ಕೋನ್ ಮೇಲೆ ಎರಡೂ ಕೈಯ ಬೆರಳುಗಳನ್ನು ಎದುರುಬದುರಾಗಿ ಇಟ್ಟು ಸಮವಾಗಿ ಒಂದೆರಡು ಮಿಲಿಮೀಟರ್ ಒಳಗೆ ಒತ್ತಿ ಬಿಡಿ. ನುಣ್ಣಗೆ ಹೋಗಿ ಬರಬೇಕು. ಗರಗರ ಅಂತ ಉಜ್ಜಿದರೆ ಕೋನ್ ಹಿಂದಿನ ವಾಯ್ಸ್ ಕಾಯಿಲ್ (ತಂತಿ ಸುರುಳಿ) ಮ್ಯಾಗ್ನೆಟ್‌ಗೆ ತಾಗುತ್ತಿದೆ. ಟ್ವೀಟರ್ (ಕೀಚು ಸದ್ದಿನ ಪುಟ್ಟ ಸ್ಪೀಕರ್) ಮಾತ್ರ ಮುಟ್ಟಲೇಬೇಡಿ, ಒಮ್ಮೆ ಗುಳಿ ಬಿದ್ದರೆ ಮುಗಿಯಿತು.


ರಾತ್ರಿಪಾಳಿ:

ಮಾಡಿದೆ. ಚಟಚಟ ಬಲಗಡೆಗೆ ಹಾರಿತು! ಎಡಗಡೆ ಸ್ಪೀಕರ್ ಈಗ ನೀಟಾಗಿ ಹಾಡುತ್ತಿದೆ. ವೈರ್ ತುದಿ ಸ್ವಲ್ಪ ಕಂದು ಇತ್ತು, ಕತ್ತರಿಸಿ ಹೊಸದಾಗಿ ಹಾಕಿದೆ, ಅದರಿಂದೇನೂ ವ್ಯತ್ಯಾಸ ಆಗಲಿಲ್ಲ. ಮೀಟರ್‌ನಲ್ಲಿ ಎರಡೂ ಸ್ಪೀಕರ್ ಹೆಚ್ಚುಕಡಿಮೆ ಒಂದೇ ತೋರಿಸುತ್ತಿವೆ.

ಅಂದರೆ ರಿಸೀವರೇ ಹೋಯಿತಾ?


ಬೆಸುಗೆ:

ಹೋಗಿಲ್ಲ, ಇರಿ. ಇನ್ನೆರಡು ಪ್ರಶ್ನೆ.

ವಾಲ್ಯೂಮ್ ಪೂರ್ತಿ ಸೊನ್ನೆಗೆ ಇಳಿಸಿ ಸ್ಪೀಕರ್ ಹತ್ತಿರ ಕಿವಿ ಇಡಿ. ಆಗಲೂ ಚಟಚಟ ಬರುತ್ತದಾ? ಟಿವಿ, ಪ್ಲೇಯರ್ ಎಲ್ಲ ಬಿಟ್ಟು ರಿಸೀವರ್ ಒಳಗಿನ ಎಫ್‌ಎಂ ಹಾಕಿದರೂ ಅದೇ ಚಾನೆಲ್‌ನಲ್ಲಿ ಬರುತ್ತದಾ?


ರಾತ್ರಿಪಾಳಿ:

ಸೊನ್ನೆಯಲ್ಲಿ ಪೂರ್ತಿ ನಿಶ್ಶಬ್ದ. ಎಫ್‌ಎಂನಲ್ಲೂ ಬರುತ್ತದೆ, ಹೊರಗಿನ ವೈರ್ ಒಂದೂ ಇಲ್ಲದೆ. ವಾಲ್ಯೂಮ್ ಸ್ವಲ್ಪ ಕೊಟ್ಟರೆ ಹಾಡು ಹರಿದು ಹರಿದು ಬರುತ್ತದೆ, ಚೆನ್ನಾಗಿ ಜಾಸ್ತಿ ಮಾಡಿದರೆ ಒಂದು ಟಿಕ್ ಆಗಿ ಸರಿಹೋಗುತ್ತದೆ. ಆಮೇಲೆ ಇಳಿಸಿದರೂ ಸುಮಾರು ಹೊತ್ತು ಸರಿ ಇರುತ್ತದೆ. ಇದೇ ನನಗೆ ಅರ್ಥವಾಗದ್ದು. ಕೆಟ್ಟಿದ್ದು ಜಾಸ್ತಿ ಸೌಂಡ್‌ನಲ್ಲಿ ಅಲ್ವಾ ಕಿರುಚಬೇಕು?


ಬೆಸುಗೆ:

ನಿಮ್ಮ ಮೊದಲ ಪೋಸ್ಟ್‌ನಲ್ಲೇ ಉತ್ತರ ಇತ್ತು, ಬಾಂಬ್ ಸೀನ್ ಬಂದಾಗ ಎದ್ದು ಕೂರುತ್ತದೆ ಅಂದಿರಲ್ಲ, ಅದೇ. ಸ್ಪೀಕರ್ ರಿಲೇ.

ರಿಸೀವರ್ ಆನ್ ಮಾಡಿದ ಕೆಲವು ಸೆಕೆಂಡ್ ಆದ ಮೇಲೆ ಒಳಗಿಂದ ಕ್ಲಿಕ್ ಅಂತ ಕೇಳುತ್ತದಲ್ಲ, ಅದು ರಿಲೇ. ಆಂಪ್ಲಿಫೈಯರ್‌ಗೂ ಸ್ಪೀಕರ್ ಟರ್ಮಿನಲ್‌ಗೂ ನಡುವೆ ಇರುವ ಸ್ವಿಚ್ ಅದು. ಆನ್ ಮಾಡಿದಾಗ ಬರುವ ಧಡ್ ಅನ್ನುವ ಏಟು ಸ್ಪೀಕರ್‌ಗೆ ಬೀಳದಿರಲಿ, ಆಂಪ್ಲಿಫೈಯರ್ ಕೆಟ್ಟು ಡಿಸಿ ಹರಿದರೆ ಸ್ಪೀಕರ್ ಸುಡದಿರಲಿ ಅಂತ ಇಟ್ಟಿರುತ್ತಾರೆ. ಒಳಗೆ ಎರಡು ಪುಟ್ಟ ಲೋಹದ ಗುಂಡಿಗಳು ಒಂದಕ್ಕೊಂದು ಒತ್ತಿಕೊಂಡಿರುತ್ತವೆ, ಅಷ್ಟೇ. ವರ್ಷಗಟ್ಟಲೆ ಆದ ಮೇಲೆ ಆ ಗುಂಡಿಗಳ ಮೇಲೆ ತೆಳ್ಳಗೆ ಕಪ್ಪು ಪದರ ಕೂರುತ್ತದೆ.

ಆ ಪದರವನ್ನು ದಾಟಲು ವೋಲ್ಟೇಜ್ ಬೇಕು. ವಾಲ್ಯೂಮ್ ಕಡಿಮೆ ಇದ್ದಾಗ ಸ್ಪೀಕರ್‌ಗೆ ಹೋಗುವುದು ಒಂದು ವೋಲ್ಟ್‌ಗಿಂತ ಎಷ್ಟೋ ಕಡಿಮೆ, ಅದರ ಕೈಲಿ ಆಗುವುದಿಲ್ಲ, ಅಲ್ಲಲ್ಲಿ ನುಸುಳಿ ನುಸುಳಿ ಬರುತ್ತದೆ, ನಿಮಗೆ ಕೇಳಿಸುತ್ತಿರುವ ಚಟಚಟ ಅದೇ. ಜಾಸ್ತಿ ಕೊಟ್ಟಾಗ ಸಿಗ್ನಲ್ ಪದರವನ್ನು ಒಡೆದುಕೊಂಡು ಹೋಗುತ್ತದೆ. ಒಮ್ಮೆ ದಾರಿ ಆಯಿತು ಅಂದರೆ ಮುಂದಿನ ಸಲ ರಿಲೇ ಬಿಟ್ಟು ಹಿಡಿಯುವವರೆಗೆ, ಅಂದರೆ ನೀವು ಆಫ್ ಮಾಡಿ ಆನ್ ಮಾಡುವವರೆಗೆ, ಬಹುತೇಕ ಹಾಗೇ ಇರುತ್ತದೆ.

ಸರೌಂಡ್ ಚಾನೆಲ್‌ಗೇ ಈ ರೋಗ ಜಾಸ್ತಿ ಕಾಣಿಸುವುದಕ್ಕೂ ಕಾರಣ ಇದೆ. ಮುಂದಿನ ಸ್ಪೀಕರ್‌ಗಳಿಗೆ ಸದಾ ಒಳ್ಳೆ ಕರೆಂಟ್ ಹರಿಯುತ್ತದೆ, ಗುಂಡಿಗಳು ತಮ್ಮಷ್ಟಕ್ಕೆ ಶುಚಿಯಾಗಿರುತ್ತವೆ. ಸರೌಂಡ್‌ಗೆ ಹಕ್ಕಿ ಕೂಗಿದ್ದು, ಗಾಳಿ ಬೀಸಿದ್ದು, ಇಷ್ಟೇ. ಜೊತೆಗೆ ನೀವು ರಾತ್ರಿ ಸಣ್ಣ ಸೌಂಡ್‌ನಲ್ಲಿ ನೋಡುವವರು.

ಪರೀಕ್ಷೆ ಸುಲಭ. ಹೆಡ್‌ಫೋನ್ ಇದ್ದರೆ ರಿಸೀವರ್ ಮುಂದಿನ ತೂತಿಗೆ ಚುಚ್ಚಿ. ಬಹಳಷ್ಟು ರಿಸೀವರ್‌ಗಳಲ್ಲಿ ಹೆಡ್‌ಫೋನ್ ಹಾಕಿದ ಕೂಡಲೇ ಸ್ಪೀಕರ್ ರಿಲೇಗಳು ಬಿಟ್ಟುಕೊಳ್ಳುತ್ತವೆ, ತೆಗೆದರೆ ಹಿಡಿದುಕೊಳ್ಳುತ್ತವೆ. ಕ್ಲಿಕ್ ಕೇಳಿದರೆ ಆಯಿತು. ಹಾಗೆ ಹತ್ತಿಪ್ಪತ್ತು ಸಲ ಹಾಕಿ ತೆಗೆಯಿರಿ. ಗುಂಡಿಗಳು ಉಜ್ಜಿಕೊಂಡು ಸ್ವಲ್ಪ ಶುಚಿಯಾಗುತ್ತವೆ. ಚಟಚಟ ನಿಂತರೆ ಅಥವಾ ಕಡಿಮೆಯಾದರೆ ಕಳ್ಳ ಸಿಕ್ಕಿದ.


ಡೆಸಿಬೆಲ್:

ರಿಲೇ ಇರಬಹುದು, ಆದರೆ ಅಷ್ಟು ಖಚಿತವಾಗಿ ಹೇಳಬೇಡಿ. ಬೋರ್ಡ್ ಮೇಲಿನ ಸೋಲ್ಡರ್ ಬಿಟ್ಟುಕೊಂಡಿದ್ದರೂ ಹೆಚ್ಚುಕಡಿಮೆ ಇದೇ ಲಕ್ಷಣ. ಸ್ಪೀಕರ್ ಟರ್ಮಿನಲ್‌ನ ಕಾಲುಗಳು ಬೋರ್ಡ್‌ಗೆ ಸೇರುವ ಕಡೆ, ವೈರ್ ಎಳೆದು ತಳ್ಳಿ ಮಾಡಿ ಮಾಡಿ, ಸೋಲ್ಡರ್ ಸುತ್ತ ಉಂಗುರದಂತೆ ಬಿರುಕು ಬಿಡುತ್ತದೆ. ಗುರುತಿಸುವುದು ಹೀಗೆ: ರಿಸೀವರ್ ಆನ್ ಮಾಡಿ ತಣ್ಣಗಿದ್ದಾಗಲೂ ಬಿಸಿಯಾದ ಮೇಲೂ ಕೇಳಿ, ಬಿಸಿ ಜೊತೆ ಚಟಚಟ ಬದಲಾಗುತ್ತಾ ಹೋದರೆ ಸೋಲ್ಡರ್ ಮೇಲೆ ಅನುಮಾನ. ಮುಚ್ಚಳದ ಮೇಲೆ ಸ್ಕ್ರೂಡ್ರೈವರ್ ಹಿಡಿಯಿಂದ ಮೆಲ್ಲಗೆ ತಟ್ಟಿದಾಗ ಸದ್ದು ಏರುಪೇರಾದರೆ ಅನುಮಾನ ಗಟ್ಟಿ. ತಟ್ಟುವುದು ಹೊರಗಿಂದ ಮಾತ್ರ, ಮುಚ್ಚಳ ತೆಗೆದು ಅಲ್ಲ.

ಇನ್ನೊಂದು ವಿಷಯ, ಇಲ್ಲಿ ಓದುವ ಬೇರೆಯವರಿಗೆ. ನಿಮ್ಮ ಚಟಚಟ ಇದಕ್ಕೆ ಉಲ್ಟಾ ಇದ್ದರೆ, ಅಂದರೆ ಕಡಿಮೆ ಸೌಂಡ್‌ನಲ್ಲಿ ಚೆನ್ನಾಗಿದ್ದು ಜಾಸ್ತಿ ಮಾಡಿದಾಗ ಮಾತ್ರ ಹರಿದರೆ, ರಿಲೇ ಹುಡುಕಬೇಡಿ. ಅದು ಬಹುತೇಕ ಕ್ಲಿಪಿಂಗ್, ಅಂದರೆ ಆಂಪ್ಲಿಫೈಯರ್ ಶಕ್ತಿ ಸಾಲದೆ ಸಿಗ್ನಲ್ ತುದಿ ಕತ್ತರಿಸಿ ಹೋಗುವುದು, ಇಲ್ಲವೇ ಸ್ಪೀಕರ್‌ಗೆ ಹೊರೆ ಜಾಸ್ತಿಯಾಗಿರುವುದು. ಸೆಟಪ್ ಮೆನುವಿನಲ್ಲಿ ಸರೌಂಡ್ ಸ್ಪೀಕರ್‌ಗೆ ಲಾರ್ಜ್ ಅಂತ ಹಾಕಿದ್ದರೆ ಸ್ಮಾಲ್ ಮಾಡಿ, ಕ್ರಾಸ್‌ಓವರ್ (ಅದಕ್ಕಿಂತ ಕೆಳಗಿನ ಬಾಸ್ ಸಬ್‌ವೂಫರ್‌ಗೆ ಹೋಗುವ ಗಡಿ) 80 ಹರ್ಟ್ಸ್ ಇಡಿ. ಅಂಗೈ ಅಗಲದ ಸ್ಪೀಕರ್‌ಗೆ 30 ಹರ್ಟ್ಸ್ ಬಾಸ್ ಕಳಿಸಿದರೆ ಅದೇನು ಮಾಡೀತು ಪಾಪ. ಆ ಕೆಲಸ ಸಬ್‌ವೂಫರ್ ಮಾಡಲಿ. ಆಮೇಲೆ ಚಾನೆಲ್ ಲೆವೆಲ್ ನೋಡಿ, ಸರೌಂಡ್ ಕೇಳಿಸುತ್ತಿಲ್ಲ ಅಂತ ಯಾರೋ ಪ್ಲಸ್ 10 ಡೆಸಿಬೆಲ್ ಏರಿಸಿಟ್ಟಿರುತ್ತಾರೆ. 10 ಡೆಸಿಬೆಲ್ ಅಂದರೆ ಹತ್ತು ಪಟ್ಟು ಪವರ್ ಕಣ್ರೀ.


ರಾತ್ರಿಪಾಳಿ:

ಹೆಡ್‌ಫೋನ್ ಹಾಕಿ ತೆಗೆದು ಮಾಡಿದೆ, ಪ್ರತಿ ಸಲವೂ ಕ್ಲಿಕ್ ಕೇಳಿಸಿತು. ಅವತ್ತು ರಾತ್ರಿ ಪೂರ್ತಿ ಚಟಚಟ ಇಲ್ಲ! ಮುಚ್ಚಳದ ಮೇಲೆ ತಟ್ಟಿದರೆ ಏನೂ ಬದಲಾಗಲಿಲ್ಲ. ಆದರೆ ಮಾರನೇ ದಿನ ಆನ್ ಮಾಡಿದಾಗ ಮತ್ತೆ ಶುರು, ಮೊದಲಿಗಿಂತ ಸ್ವಲ್ಪ ಕಡಿಮೆ.

ಹಾಗಾದರೆ ರಿಲೇನೇ ಅಂತಾಯಿತು. ಮುಚ್ಚಳ ತೆಗೆದು ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಹೊಡೆಯಲಾ? ಸೋಲ್ಡರಿಂಗ್ ಐರನ್ ಇದೆ, ಚಿಕ್ಕಪುಟ್ಟ ವೈರ್ ಬೆಸೆದು ಅಭ್ಯಾಸ ಇದೆ.


ಬೆಸುಗೆ:

ಸ್ಪ್ರೇ ಹೊಡೆದು ಪ್ರಯೋಜನ ಇಲ್ಲ. ರಿಲೇ ಪ್ಲಾಸ್ಟಿಕ್ ಡಬ್ಬಿಯೊಳಗೆ ಮುಚ್ಚಿರುತ್ತದೆ, ಹೊರಗೆ ಹೊಡೆದದ್ದು ಒಳಗಿನ ಗುಂಡಿಗೆ ಹೋಗುವುದಿಲ್ಲ. ಬೋರ್ಡ್ ಒದ್ದೆ ಆಗುತ್ತದೆ ಅಷ್ಟೇ.

ಮುಚ್ಚಳ ತೆಗೆಯುವ ಬಗ್ಗೆ ಸ್ವಲ್ಪ ಗಟ್ಟಿಯಾಗಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಎವಿ ರಿಸೀವರ್ ಒಳಗೆ ಎರಡು ದೊಡ್ಡ ಕೆಪಾಸಿಟರ್ ಇರುತ್ತವೆ, ಲೋಟದ ಗಾತ್ರ. ಒಂದೊಂದರಲ್ಲೂ ಹತ್ತಾರು ವೋಲ್ಟ್ ಡಿಸಿ ತುಂಬಿರುತ್ತದೆ, ಎರಡೂ ಸೇರಿದರೆ ನೂರರ ಆಸುಪಾಸು. ಪ್ಲಗ್ ಕಿತ್ತ ಮೇಲೂ ಅದು ಉಳಿದಿರುತ್ತದೆ. ಸ್ಕ್ರೂಡ್ರೈವರ್ ಅಡ್ಡ ಇಟ್ಟು ಕಿಡಿ ಹಾರಿಸುವ ಶೂರರನ್ನು ವಿಡಿಯೋಗಳಲ್ಲಿ ನೋಡಿರುತ್ತೀರಿ, ಹಾಗೆ ಮಾಡಬೇಡಿ, ಬೋರ್ಡ್ ಸುಡುತ್ತದೆ, ಕಣ್ಣಿಗೂ ಅಪಾಯ. ದೊಡ್ಡ ವಾಟೇಜ್‌ನ ರೆಸಿಸ್ಟರ್ ಮೂಲಕ ನಿಧಾನಕ್ಕೆ ಇಳಿಸಿ, ಮೀಟರ್‌ನಲ್ಲಿ ಸೊನ್ನೆ ಹತ್ತಿರ ಬಂದಿದೆಯಾ ಅಂತ ನೋಡಿ, ಆಮೇಲಷ್ಟೇ ಕೈ ಹಾಕಬೇಕು. ಇದನ್ನು ಹಿಂದೆ ಮಾಡಿಲ್ಲ ಅಂದರೆ ರಿಪೇರಿಯವರಿಗೆ ಕೊಡಿ. ರಿಲೇ ತೆಗೆಯಲು ಬೋರ್ಡ್ ತಿರುಗಿಸಬೇಕು, ಬೋರ್ಡ್ ತಿರುಗಿಸಲು ಹೀಟ್‌ಸಿಂಕ್, ಹಿಂದಿನ ಪ್ಯಾನೆಲ್, ರಿಬ್ಬನ್ ಕೇಬಲ್ ಎಲ್ಲ ಬಿಚ್ಚಬೇಕು. ರಿಲೇ ಬದಲಾಯಿಸುವುದು ಹತ್ತು ನಿಮಿಷ, ಅದರ ಹತ್ತಿರ ಹೋಗುವುದಕ್ಕೆ ಅರ್ಧ ದಿನ.

ಕೊಡುವಾಗ ಸುಮ್ನೆ ಸೌಂಡ್ ಬರುತ್ತಿಲ್ಲ ಅನ್ನಬೇಡಿ. ಅಂಗಡಿಯಲ್ಲಿ ಅವರು ಜೋರಾಗಿ ಹಾಕಿ ನೋಡುತ್ತಾರೆ, ಚೆನ್ನಾಗೇ ಇದೆಯಲ್ಲ ಅಂತ ವಾಪಸ್ ಕೊಡುತ್ತಾರೆ. ಕಾಗದದಲ್ಲಿ ಬರೆದೇ ಕೊಡಿ: ಎಡ ಸರೌಂಡ್ ಟರ್ಮಿನಲ್‌ನಲ್ಲಿ, ಕಡಿಮೆ ವಾಲ್ಯೂಮ್‌ನಲ್ಲಿ ಮಾತ್ರ, ವೈರ್ ಅದಲುಬದಲು ಮಾಡಿ ನೋಡಿದೆ, ಎಫ್‌ಎಂನಲ್ಲೂ ಇದೆ, ರಿಲೇ ಬಿಟ್ಟು ಹಿಡಿಸಿದರೆ ಸ್ವಲ್ಪ ಹೊತ್ತು ಸರಿಹೋಗುತ್ತದೆ. ಇಷ್ಟಿದ್ದರೆ ಬಲ್ಲವರು ನೇರ ಅಲ್ಲಿಗೇ ಹೋಗುತ್ತಾರೆ.

ಹೊಸ ರಿಲೇಗೆ ಕಾಯಿಲ್ ವೋಲ್ಟೇಜ್ ಹಳೆಯದರಷ್ಟೇ ಇರಬೇಕು, ಸಾಮಾನ್ಯವಾಗಿ 12 ಅಥವಾ 24 ವೋಲ್ಟ್, ರಿಲೇ ಬೆನ್ನ ಮೇಲೆಯೇ ಬರೆದಿರುತ್ತದೆ. ಪಿನ್ ಜೋಡಣೆ, ಆಂಪಿಯರ್ ಕೂಡ ಹೊಂದಬೇಕು. ಬಹಳ ಕಡೆ ಒಂದೇ ರಿಲೇಯಲ್ಲಿ ಎರಡು ಚಾನೆಲ್ ಇರುತ್ತವೆ, ಹಾಗಾಗಿ ಬಲ ಸರೌಂಡ್ ಕೂಡ ಅದರ ಜೊತೆಗೇ ಹೊಸದಾಗುತ್ತದೆ. ಬಿಚ್ಚಿದ ಮೇಲೆ ಮುಂದಿನ ಚಾನೆಲ್‌ಗಳ ರಿಲೇನೂ ಬದಲಾಯಿಸಿಸಿಬಿಡಿ. ಅವಕ್ಕೂ ಅಷ್ಟೇ ವಯಸ್ಸಾಗಿದೆ.


ತಂತಿಜಾಲ:

ಬದಲಾಯಿಸಲೇಬೇಕು ಅಂತಿಲ್ಲ. ಡಬ್ಬಿ ಬಿಚ್ಚಬಹುದಾದ ರಿಲೇ ಆದರೆ ಬಿಳಿ ಕಾಗದದ ಪಟ್ಟಿಯನ್ನು ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿ, ಗುಂಡಿಗಳ ನಡುವೆ ಇಟ್ಟು, ಮೆಲ್ಲಗೆ ಒತ್ತಿ ಹಿಡಿದು ಎಳೆಯುವುದು. ಕಾಗದದ ಮೇಲೆ ಕಪ್ಪು ಗೀಟು ಬೀಳುತ್ತದೆ. ಗೀಟು ಬೀಳುವುದು ನಿಲ್ಲುವವರೆಗೆ ಮಾಡಿದರೆ ಸಾಕು. ನಾನು ಹಾಗೇ ಮಾಡಿ ಓಡಿಸುತ್ತಿದ್ದೇನೆ.


ಬೆಸುಗೆ:

ಓಡುತ್ತದೆ, ಅಲ್ಲ ಅನ್ನುವುದಿಲ್ಲ. ಕಾಗದ ಆದ್ದರಿಂದ ಒಪ್ಪುತ್ತೇನೆ, ಕೆಲವರು ಮರಳು ಕಾಗದ ಹಾಕಿ ಉಜ್ಜುತ್ತಾರೆ, ಮೇಲಿನ ಲೇಪವೇ ಹೋಗಿಬಿಡುತ್ತದೆ, ಆಮೇಲೆ ಮೊದಲಿಗಿಂತ ಬೇಗ ಕಪ್ಪಾಗುತ್ತದೆ. ಆದರೆ ಬೋರ್ಡ್‌ವರೆಗೆ ಹೋದ ಮೇಲೆ, ಅಷ್ಟೆಲ್ಲ ಬಿಚ್ಚಿದ ಮೇಲೆ, ಹಳೆ ರಿಲೇಯನ್ನೇ ತೊಳೆದು ಮತ್ತೆ ಕೂರಿಸುವುದು ನನಗೆ ಯಾಕೋ ಸರಿ ಕಾಣುವುದಿಲ್ಲ. ಇಡೀ ರಿಸೀವರ್‌ನಲ್ಲಿ ಅಗ್ಗದ ಸಾಮಾನುಗಳಲ್ಲಿ ಅದೂ ಒಂದು.


ರಾತ್ರಿಪಾಳಿ:

ಅಪ್‌ಡೇಟ್. ನಾನು ಕೈ ಹಾಕಲಿಲ್ಲ, ರಿಪೇರಿಯವರಿಗೆ ಕೊಟ್ಟೆ. ಬರೆದುಕೊಟ್ಟ ಚೀಟಿ ಓದಿ ಅವರು ನೇರ ರಿಲೇಗೇ ಹೋದರು. ಎಲ್ಲ ರಿಲೇ ಬದಲಾಯಿಸಿಸಿದೆ, ಹಳೆಯವನ್ನು ಕೇಳಿ ವಾಪಸ್ ತಂದೆ. ಕುತೂಹಲಕ್ಕೆ ಸರೌಂಡ್‌ನದ್ದರ ಡಬ್ಬಿ ಕತ್ತರಿಸಿ ನೋಡಿದೆ. ಒಳಗೆ ಎರಡು ಜೊತೆ ಗುಂಡಿ, ಒಂದು ಜೊತೆ ಮಾಸಲು ಬೂದು, ಇನ್ನೊಂದು ಜೊತೆಯ ನಡುವೆ ಸಾಸಿವೆಯಷ್ಟು ಕಪ್ಪು ಚುಕ್ಕಿ. ಅಷ್ಟೇ ಅಷ್ಟು ಕಪ್ಪಿಗೆ ಇಷ್ಟೆಲ್ಲ.

ಈಗ ರಾತ್ರಿ ಎಷ್ಟು ಕಡಿಮೆ ಇಟ್ಟರೂ ಸರೌಂಡ್ ಸ್ವಚ್ಛವಾಗಿ ಕೇಳುತ್ತದೆ. ಡೆಸಿಬೆಲ್ ಅವರು ಹೇಳಿದ ಸೆಟ್ಟಿಂಗ್ ಕೂಡ ನೋಡಿದೆ, ನನ್ನದು ಲಾರ್ಜ್‌ನಲ್ಲಿತ್ತು, ಸ್ಮಾಲ್ ಮಾಡಿ 80 ಇಟ್ಟ ಮೇಲೆ ಮಾತುಗಳೂ ಮೊದಲಿಗಿಂತ ಸ್ಪಷ್ಟ ಅನ್ನಿಸುತ್ತಿದೆ. ಎಲ್ಲರಿಗೂ ಥ್ಯಾಂಕ್ಸ್.


ಗುಂಯ್‌ಗುಡುವವ:

ನನಗೂ ಇದೇ ಸಮಸ್ಯೆ, ಆದರೆ ಸಬ್‌ವೂಫರ್‌ನಲ್ಲಿ. ಸದಾ ಗುಂಯ್ ಅನ್ನುತ್ತದೆ, ಸಿನಿಮಾ ನಿಲ್ಲಿಸಿದರೂ ನಿಲ್ಲುವುದಿಲ್ಲ. ರಿಲೇ ಬದಲಾಯಿಸಲಾ?


ಬೆಸುಗೆ:

ಅಯ್ಯೋ ಬೇಡ. ನಿಮ್ಮದು ಇದಲ್ಲವೇ ಅಲ್ಲ. ಸಬ್‌ವೂಫರ್‌ನಿಂದ ಸಿಗ್ನಲ್ ಕೇಬಲ್ ಕಿತ್ತು ನೋಡಿ, ಗುಂಯ್ ನಿಂತರೆ ಗ್ರೌಂಡ್ ಲೂಪ್ (ಸಾಧನಗಳ ಅರ್ಥ್ ಒಂದಕ್ಕಿಂತ ಹೆಚ್ಚು ದಾರಿಯಲ್ಲಿ ಸೇರಿ ಸುತ್ತಾಗಿರುವುದು) ಅಥವಾ ಆ ಕೇಬಲ್ ಕೆಟ್ಟಿದೆ, ನಿಲ್ಲದಿದ್ದರೆ ಸಬ್‌ವೂಫರ್ ಒಳಗಿನ ಆಂಪ್ಲಿಫೈಯರ್. ರಿಸೀವರ್, ಟಿವಿ, ಸಬ್‌ವೂಫರ್ ಮೂರನ್ನೂ ಒಂದೇ ಎಕ್ಸ್‌ಟೆನ್ಶನ್ ಬಾಕ್ಸ್‌ಗೆ ಹಾಕಿ ನೋಡಿ. ಡಿಶ್ ಅಥವಾ ಕೇಬಲ್ ಟಿವಿಯ ದಪ್ಪ ವೈರ್ ಇದ್ದರೆ ಅದನ್ನೂ ಒಮ್ಮೆ ಬಿಚ್ಚಿ ನೋಡಿ, ಎಷ್ಟೋ ಸಲ ಗುಂಯ್ ಬರುವುದು ಅಲ್ಲಿಂದಲೇ. ಪ್ಲಗ್‌ನ ಅರ್ಥ್ ಪಿನ್ ಮಾತ್ರ ಮುರಿಯಲು ಹೋಗಬೇಡಿ, ಯಾರು ಹೇಳಿದರೂ ಸರಿ. ನೋಡಿ ಏನಾಯಿತು ಅಂತ ಬೇರೆ ಥ್ರೆಡ್‌ನಲ್ಲಿ ಹಾಕಿ, ಇಲ್ಲಿ ಬೆರಕೆ ಆಗುತ್ತದೆ.